ಮಾರಿಕುಪ್ಪಂನಿಂದ ಗಾರ್ಮೆನ್‌ಘಾಸ್ಟ್‌ಗೆ

ರೈಲು ಹಳಿ ಕೊನೆಗಾಣುವ ಊರಿನಲ್ಲಿ ವಾಸವಾಗಿರುವವರಿಗೆ ಒಂದು ಅನುಕೂಲವುಂಟು. ಗಾಡಿಯಲ್ಲಿ ಪುಸ್ತಕ ಹಿಡಿದು ಕುಳಿತು, ಓದುತ್ತ ಓದುತ್ತ ನಿದ್ರೆಗೆ ಜಾರಿದರೂ ತಮ್ಮ ಊರು ದಾಟಿಹೋದೀತೆಂಬ ಭಯ ಅವರಿಗಿಲ್ಲ. ಬೆಂಗಳೂರಿನಿಂದ ಸಂಜೆ ಹೊರಟ ಗಾಡಿ ಬಂಗಾರಪೇಟೆಯಲ್ಲಿ ದೊಡ್ಡ ಮಾರ್ಗವನ್ನು ಬಿಟ್ಟು ಕವಲುಹಳಿಗೆ ತಿರುಗುತ್ತದೆ. ಕೋರಮಂಡಲ್, ಊರ್ಗಾಂ, ಚಾಂಪಿಯನ್ ಎಂದು ಒಂದೊಂದೇ ನಿಲ್ದಾಣದಲ್ಲಿ ದಣಿದ ಜನವನ್ನು ಇಳಿಸಿ, ಕಡೆಗೆ ನಮ್ಮ ಮಾರಿಕುಪ್ಪಂನಲ್ಲಿ ನಿಟ್ಟುಸಿರುಬಿಟ್ಟು ನಿಲ್ಲುತ್ತದೆ. ಅಲ್ಲಿಂದಾಚೆಗೆ ಹಳಿಯಿಲ್ಲ. ಬೆಂಗಳೂರಿನ ಕಾಲೇಜೊಂದರಲ್ಲಿ ಪಾಠ ಹೇಳಿ, ದಿನಕ್ಕೆ ನಾಲ್ಕೈದು ಗಂಟೆಗಳನ್ನು ಈ ಗಾಡಿಗೇ ಅರ್ಪಿಸುವ ನನ್ನಂಥವನು ದಪ್ಪ ಪುಸ್ತಕಗಳಿಗೆ ಹೆದರುವಂತಿಲ್ಲ. ಕಳೆದ ಮೂರು ತಿಂಗಳು ನನ್ನೊಡನೆ ಪ್ರಯಾಣ ಮಾಡಿದ್ದು ಅಂಥ ಎರಡು ದಪ್ಪ ಪುಸ್ತಕಗಳು.

ಅವು ನನಗೆ ಸಿಕ್ಕಿದ್ದು ರಾಬರ್ಟ್‌ಸನ್‌ಪೇಟೆಯಲ್ಲಿ, ತೂಕಕ್ಕೆ ಮಾರುವ ಹಳೆಯ ಕಾಗದದ ಅಂಗಡಿಯಲ್ಲಿ. ಗಣಿಯ ಕಾಲದ ಆಂಗ್ಲೋ-ಇಂಡಿಯನ್ ಸಂಸಾರಗಳು ಒಂದೊಂದಾಗಿ ಆಸ್ಟ್ರೇಲಿಯಕ್ಕೋ ಇಂಗ್ಲೆಂಡಿಗೋ ಹೊರಟುಹೋದಾಗ ಪಿಯಾನೋ, ಊಟದ ಮೇಜು, ಪಿಂಗಾಣಿ ತಟ್ಟೆಗಳಿಗೆಲ್ಲ ಗಿರಾಕಿಗಳು ದೊರೆತರು; ಪುಸ್ತಕಗಳಿಗೆ ತಕ್ಕಡಿಯೊಂದೇ ಗತಿಯಾಯಿತು. ಅಂಗಡಿಯವರು ತೂಗಿ, ಲೆಕ್ಕ ಹೇಳಿ, ನನ್ನ ಮುಖ ನೋಡಿ, “ಇದನ್ನು ಓದುತ್ತೀರಾ ಸಾರ್?” ಎಂದು ಕೇಳಿದರು. ಹೊದಿಕೆಯ ಮೇಲೆ ಮರ್ವಿನ್ ಪೀಕ್ ಎಂಬ ಹೆಸರಿತ್ತು. ಮೊದಲನೆಯ ಸಂಪುಟ ‘ಟೈಟಸ್ ಗ್ರೋನ್’, 1946ರಲ್ಲಿ ಪ್ರಕಟವಾದದ್ದು. ಎರಡನೆಯದು ‘ಗಾರ್ಮೆನ್‌ಘಾಸ್ಟ್’, 1950ರದು.

ಗಾರ್ಮೆನ್‌ಘಾಸ್ಟ್ ಎಂಬುದು ಒಂದು ಕೋಟೆ. ಕೋಟೆಯೆಂದರೆ ಚಿತ್ರದುರ್ಗದಂತೆ ಹತ್ತಿ ಇಳಿದು ಸಂಜೆಗೆ ಮನೆಗೆ ಮರಳಬಹುದಾದ ಕೋಟೆಯಲ್ಲ; ಒಳಗಿನ ಕೋಣೆಗಳನ್ನೆಲ್ಲ ನೋಡಿ ಮುಗಿಸಿದವರು ಯಾರೂ ಇಲ್ಲ, ಮಾಡುಗಳ ಮೇಲೆಯೇ ಒಂದು ದಿನದ ಪ್ರಯಾಣ ಮಾಡಬಹುದು. ಅದರ ಒಡೆತನ ಗ್ರೋನ್ ವಂಶದ್ದು. ಎಪ್ಪತ್ತಾರನೆಯ ದೊರೆಗೆ ಗಂಡುಮಗು ಹುಟ್ಟುವಲ್ಲಿ ಕತೆಯ ಆರಂಭ. ಮಗುವಿನ ಹೆಸರು ಟೈಟಸ್. ಮೊದಲನೆಯ ಸಂಪುಟ ಮುಗಿಯುವ ಹೊತ್ತಿಗೆ ನಾಯಕನಾದ ಈ ಟೈಟಸ್ಸಿಗೆ ಇನ್ನೂ ಎರಡು ವರ್ಷ ತುಂಬಿರುವುದಿಲ್ಲವೆಂದರೆ ಗ್ರಂಥಕರ್ತನ ನಡಿಗೆ ಎಂಥದೆಂಬುದನ್ನು ವಾಚಕರು ಊಹಿಸಬಹುದು! ಧಾರಾವಾಹಿಯ ಮುಂದಿನ ಕಂತಿಗಾಗಿ ವಾರವಿಡೀ ಬಾಗಿಲಲ್ಲಿ ಕಾಯುವವರಿಗೆ ಇದು ತಾಳ್ಮೆಯ ಪರೀಕ್ಷೆಯೇ ಸರಿ. ಮೊದಲ ನೂರು ಪುಟ ನಾನೂ ಎರಡು ಸಲ ಮುಚ್ಚಿಟ್ಟಿದ್ದೆನೆಂದು ಒಪ್ಪಿಕೊಳ್ಳುತ್ತೇನೆ.

ಆಂಗ್ಲ ಸಾಹಿತ್ಯದಲ್ಲಿ ‘ಗಾಥಿಕ್’ ಎಂಬ ಕಥಾಪ್ರಕಾರವೊಂದುಂಟು. 1764ರಲ್ಲಿ ಹೊರೇಸ್ ವಾಲ್ಪೋಲನು ‘ಒಟ್ರಾಂಟೋ ಕೋಟೆ’ಯನ್ನು ಬರೆದಂದಿನಿಂದ ಅದರ ಸಾಮಗ್ರಿ ಗೊತ್ತಾದದ್ದೇ: ಹಾಳು ಕೋಟೆ, ನೆಲಮಾಳಿಗೆ, ಶಾಪ, ರಾತ್ರಿಯ ಹೆಜ್ಜೆಸಪ್ಪಳ, ಒಂದೆರಡು ಪ್ರೇತ. ಪೀಕನ ಕೋಟೆಯಲ್ಲಿ ಇವೆಲ್ಲವನ್ನೂ ಹುಡುಕಿಕೊಂಡು ಹೋದವನಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ಅಲ್ಲಿ ದೆವ್ವವಿಲ್ಲ, ಮಂತ್ರವಿಲ್ಲ, ಮಾಟವಿಲ್ಲ. ಇರುವುದೆಲ್ಲ ವಿಧಿ, ಸಂಪ್ರದಾಯ, ದಿನಚರಿ. ದೊರೆ ಇಂಥ ದಿನ ಇಂಥ ಮೆಟ್ಟಿಲು ಹತ್ತಬೇಕು, ಇಂಥ ಮಾತು ಹೇಳಬೇಕು ಎಂಬುದೆಲ್ಲ ಹಳೆಯ ಹೊತ್ತಗೆಗಳಲ್ಲಿ ಬರೆದಿದೆ. ಏಕೆ ಎಂದು ಕೇಳುವಂತಿಲ್ಲ, ಕೇಳಿದರೂ ಹೇಳಬಲ್ಲವರಿಲ್ಲ. ಮಗುವಿನ ನಾಮಕರಣದ ದಿನ ಹಣ್ಣುಹಣ್ಣು ಮುದುಕನಾದ ವಿಧಿಪಾಲಕನ ಕೈಯಿಂದ ಮಗು ಜಾರಿ, ಆ ಪವಿತ್ರ ಗ್ರಂಥದ ಹಾಳೆಯನ್ನೇ ಹರಿದುಬಿಡುತ್ತದೆ. ಓದುವ ನಮಗೆ ನಗು, ನೆರೆದವರಿಗೆ ಪ್ರಳಯ.

ಜನರೋ, ಒಬ್ಬರಿಗಿಂತ ಒಬ್ಬರು ವಿಚಿತ್ರ. ದೊರೆ ಸೆಪಲ್‌ಕ್ರೇವ್ ವಿಷಾದದ ಮೂರ್ತಿ, ಅವನಿಗೆ ಲೋಕದಲ್ಲಿ ಇರುವುದು ಒಂದು ಗ್ರಂಥಾಲಯ ಮಾತ್ರ. ಅವನ ಪತ್ನಿ ಗರ್ಟ್ರೂಡ್ ಬೆಟ್ಟದಂಥ ಹೆಂಗಸು. ಕೆಂಗೂದಲಿನಲ್ಲಿ ಹಕ್ಕಿಗಳು ಬಂದು ಕೂರುತ್ತವೆ, ನಡೆದರೆ ಹಿಂದೆ ಬಿಳಿಯ ಬೆಕ್ಕುಗಳ ಹೊಳೆಯೇ ಹರಿಯುತ್ತದೆ. ಆಗತಾನೆ ಹೆತ್ತ ಮಗನನ್ನು ಕಂಡು, ಆರು ವರ್ಷವಾದ ಮೇಲೆ ಕರೆತನ್ನಿರೆಂದು ದಾದಿಗೆ ಹೇಳಿಬಿಡುವ ತಾಯಿ ಆಕೆ. ದೊರೆಯ ಅವಳಿ ಸೋದರಿಯರಾದ ಕೋರಾ ಮತ್ತು ಕ್ಲಾರಿಸ್ ಗೋಡೆಯಿಂದ ಅಡ್ಡಲಾಗಿ ಬೆಳೆದ ಮರದ ಬೊಡ್ಡೆಯ ಮೇಲೆ ಮೇಜು ಹಾಕಿಕೊಂಡು ಚಹಾ ಕುಡಿಯುತ್ತಾರೆ. ಇಬ್ಬರಿಗೂ ಸೇರಿ ಇರುವುದು ಒಂದೇ ಆಲೋಚನೆ, ಅದೂ ಅರ್ಧ. ಅಡುಗೆಮನೆಯ ಗೋಡೆಗಳನ್ನು ಉಜ್ಜುವುದಕ್ಕೆ ಹದಿನೆಂಟು ಮಂದಿಯ ಒಂದು ವಂಶಪಾರಂಪರ್ಯದ ಪಡೆ. ಒಲೆ, ಪಾತ್ರೆಗಳ ಗದ್ದಲದಲ್ಲಿ ಹುಟ್ಟಿ ಬೆಳೆದು ಅವರಿಗೆ ಕಿವಿಯೇ ಕೇಳಿಸದು. ಇವರೆಲ್ಲರ ಮೇಲೆ ಸ್ವೆಲ್ಟರ್ ಎಂಬ ಮಾಂಸಪರ್ವತದಂಥ ಬಾಣಸಿಗ. ಅವನ ಕೈಕೆಳಗಿನಿಂದ ತಪ್ಪಿಸಿಕೊಂಡ ಸ್ಟೀರ್‌ಪೈಕ್ ಎಂಬ ಹದಿನೇಳರ ಹುಡುಗ ಮಾಡುಗಳನ್ನು ಹತ್ತಿ ಇಳಿದು, ಒಂದೊಂದೇ ಮೆಟ್ಟಿಲಾಗಿ ಅಧಿಕಾರದ ಕಡೆಗೆ ಸರಿಯುವುದೇ ಕತೆಯ ಎಳೆ. ಬುದ್ಧಿವಂತನೆಂದು ಮೊದಲು ನಾವು ಅವನ ಪಕ್ಷ ವಹಿಸುತ್ತೇವೆ. ಯಾವ ಪುಟದಲ್ಲಿ ಆ ಪಕ್ಷವನ್ನು ಬಿಟ್ಟೆವೆಂಬುದು ತಿಳಿಯುವುದೇ ಇಲ್ಲ.

ನನಗೆ ಮಾತ್ರ ಎಲ್ಲರಿಗಿಂತ ಹೆಚ್ಚು ಕಾಡಿದವನು ರಾಟ್‌ಕಾಡ್. ಕೋಟೆಯ ಗೋಡೆಗೆ ಒತ್ತಿಕೊಂಡು ಹೊರಗೆ ಮಣ್ಣಿನ ಗುಡಿಸಲುಗಳಲ್ಲಿ ಬಡಜನ ವಾಸಿಸುತ್ತಾರೆ. ಅವರಿಗೆ ಮರದ ಕೆತ್ತನೆಯೇ ಉಸಿರು. ವರ್ಷವಿಡೀ ಕೆತ್ತಿದ್ದನ್ನು ಜೂನ್ ಮೊದಲನೆಯ ದಿನ ದೊರೆಯ ಮುಂದಿಡುತ್ತಾರೆ. ಅವನು ಮೂರನ್ನು ಆರಿಸುತ್ತಾನೆ. ಉಳಿದವನ್ನು ಅಂದೇ ಸುಟ್ಟುಬಿಡುತ್ತಾರೆ. ಆರಿಸಿದ ಮೂರು ಒಂದು ಅಟ್ಟದ ಮೇಲಿನ ದೊಡ್ಡ ಹಜಾರಕ್ಕೆ ಹೋಗುತ್ತವೆ. ಅಲ್ಲಿಗೆ ಯಾರೂ ಬರುವುದಿಲ್ಲ. ರಾಟ್‌ಕಾಡ್ ಅವುಗಳ ಧೂಳು ಕೊಡವುತ್ತಾನೆ, ಮತ್ತೆ ಮಲಗುತ್ತಾನೆ. ನೆಲದೊಳಗೆ 3 ಕಿಲೋಮೀಟರಿಗೂ ಆಳಕ್ಕೆ ಇಳಿದು ಚಿನ್ನ ತೆಗೆದು, ಆ ಚಿನ್ನ ಎಲ್ಲಿಗೆ ಹೋಯಿತೆಂದು ಕಾಣದೆ ಲೈನು ಮನೆಗಳಲ್ಲಿ ಬಾಳಿದ ಜನರ ನಡುವೆ ಬೆಳೆದವನಿಗೆ ಈ ಹಜಾರದ ಕತೆಯನ್ನು ವಿವರಿಸಿ ಹೇಳಬೇಕಾದುದಿಲ್ಲ.

ನಮ್ಮ ಕಾವ್ಯಮೀಮಾಂಸಕರು ರಸಗಳಲ್ಲಿ ಮಿತ್ರರನ್ನೂ ಶತ್ರುಗಳನ್ನೂ ಗುರುತಿಸಿದ್ದಾರೆ. ಹಾಸ್ಯಕ್ಕೆ ಭಯಾನಕವೂ ಕರುಣವೂ ವಿರೋಧಿಗಳೆಂದು ವಿಶ್ವನಾಥನ ‘ಸಾಹಿತ್ಯದರ್ಪಣ’ದ ಮತ. ತರಗತಿಯಲ್ಲಿ ನಾನು ಇದನ್ನು ಎಷ್ಟೋ ಸಲ ಪಾಠ ಹೇಳಿದ್ದೇನೆ. ಪೀಕ್ ಮಹಾಶಯ ಈ ಮೂವರನ್ನೂ ಒಂದೇ ಪಂಕ್ತಿಯಲ್ಲಿ ಎಲೆ ಹಾಕಿ ಕೂರಿಸುತ್ತಾನೆ; ಯಾರೂ ಎದ್ದುಹೋಗುವುದಿಲ್ಲ. ನಕ್ಕ ಬಾಯಿ ಮುಚ್ಚುವ ಮೊದಲೇ ಹೆದರಿಕೆ, ಹೆದರಿಕೆ ಆರುವ ಮೊದಲೇ ಕನಿಕರ.

ಹಾಗೆಂದು ಇದೇನೋ ಕನ್ನಡಕ್ಕೆ ತೀರ ಹೊರಗಿನ ಸರಕೆಂದು ಭಾವಿಸಬೇಕಾದುದಿಲ್ಲ. ರನ್ನನ ‘ಗದಾಯುದ್ಧ’ದಲ್ಲಿ ಹೆಣಗಳ ನಡುವೆ ನಡೆಯುವ ದುರ್ಯೋಧನನನ್ನು ಮರುಳುಗಳು ಹಂಗಿಸುವ ಸಂದರ್ಭವನ್ನು ನೆನೆಯಿರಿ. 1209ರ ಜನ್ನನ ‘ಯಶೋಧರ ಚರಿತೆ’ ತೆರೆಯುವುದೇ ಚಂಡಮಾರಿಯ ಬಲಿಪೀಠದ ಎದುರಿನಲ್ಲಿ. ಅರಮನೆಯ ರಾಣಿ ಅಮೃತಮತಿ ಸೊಟ್ಟಮೈಯ ಮಾವುತನೊಬ್ಬನ ಇರುಳ ಹಾಡಿಗೆ ಮನಸೋಲುವ ಕತೆ ಎಂಟುನೂರು ವರ್ಷಗಳಿಂದ ನಮ್ಮಲ್ಲಿದೆ. ಆ ಮಾವುತನನ್ನು ಗಾರ್ಮೆನ್‌ಘಾಸ್ಟಿನ ಅಡುಗೆಮನೆಯಲ್ಲಿ ನಿಲ್ಲಿಸಿದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ವಿದ್ಯಾರ್ಥಿಗಳು ಜನ್ನನನ್ನು ಪರೀಕ್ಷೆಗಾಗಿ ಓದುತ್ತಾರೆ, ಹೆದರುವುದಕ್ಕಾಗಿ ಓದುವುದಿಲ್ಲ. ಅದು ಅವರ ತಪ್ಪಲ್ಲ, ಪಾಠ ಹೇಳುವ ನಮ್ಮದು.

ಗ್ರಂಥಕರ್ತನ ಜೀವನವೂ ಕುತೂಹಲಕರವಾದದ್ದು. ಪೀಕ್ ಹುಟ್ಟಿದ್ದು 1911ರಲ್ಲಿ, ಇಂಗ್ಲೆಂಡಿನಲ್ಲಲ್ಲ, ಚೀಣಾ ದೇಶದಲ್ಲಿ. ತಂದೆ ಮಿಷನರಿ ವೈದ್ಯರು. ಟಿಯೆಂಟ್‌ಸಿನ್ ನಗರದ ಬಿಳಿಯರ ಆವರಣದಲ್ಲಿ ಹುಡುಗ ಬೆಳೆದ. ಗೋಡೆಯೊಳಗೆ ಇಂಗ್ಲೆಂಡು, ಗೋಡೆಯಾಚೆ ಚೀಣ. ಹನ್ನೊಂದರ ವಯಸ್ಸಿನಲ್ಲಿ ಆ ಆವರಣವನ್ನು ಬಿಟ್ಟು ಹಡಗು ಹತ್ತಿದವನು ಮತ್ತೆ ಅಲ್ಲಿಗೆ ಹೋಗಲಿಲ್ಲ. ಚಿತ್ರಕಾರನಾಗಿ ಹೆಸರು ಮಾಡಿದ. ಎರಡನೆಯ ಮಹಾಯುದ್ಧದಲ್ಲಿ ಸೈನಿಕನಾಗಿದ್ದಾಗ ಶಿಬಿರಗಳಲ್ಲಿ ಕುಳಿತು ‘ಟೈಟಸ್ ಗ್ರೋನ್’ ಬರೆದ, ಹಸ್ತಪ್ರತಿಯ ಅಂಚಿನಲ್ಲಿ ಪಾತ್ರಗಳ ಮುಖಗಳನ್ನೂ ಬರೆದ. ಆ ಮುಖಗಳನ್ನು ಒಮ್ಮೆ ನೋಡಿದರೆ ಮರೆಯುವಂತಿಲ್ಲ. 1959ರಲ್ಲಿ ಬಂದ ಮೂರನೆಯ ಸಂಪುಟ ‘ಟೈಟಸ್ ಅಲೋನ್’ ಬರೆಯುವ ವೇಳೆಗೆ ಕೈ ನಡುಗುವ, ಬುದ್ಧಿ ಮಸಕಾಗುವ ರೋಗ ಅವನನ್ನು ಹಿಡಿದಿತ್ತು, 1968ರಲ್ಲಿ ತೀರಿಕೊಂಡ. ಮೂರನೆಯದನ್ನು ನಾನು ಆಮೇಲೆ ತರಿಸಿ ಓದಿದೆ. ಕೋಟೆಯ ಹೊರಗೆ ಮೋಟಾರು, ವಿಮಾನಗಳ ನಡುವೆ ಟೈಟಸ್ ಅಲೆಯುತ್ತಾನೆ. ಅವನಷ್ಟೇ ನಾನೂ ದಾರಿತಪ್ಪಿದೆ.

ಆವರಣದ ಮಾತು ಬಂದದ್ದರಿಂದ ನಮ್ಮೂರಿನ ಸಂಗತಿ ಹೇಳಲೇಬೇಕು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿ ಇಲ್ಲಿಗೆ ಕಾಲಿಟ್ಟ ಮೇಲೆ ಕೋಲಾರದ ಕೆಂಪು ಬಯಲಿನಲ್ಲಿ ಎದ್ದದ್ದು ಇಂಥದೇ ಒಂದು ಲೋಕ. ದಿಣ್ಣೆಯ ಮೇಲೆ ಬಂಗಲೆಗಳು, ಕ್ಲಬ್ಬು, ಗಾಲ್ಫ್ ಮೈದಾನ. ತಗ್ಗಿನಲ್ಲಿ ಸಾಲುಸಾಲು ಲೈನು ಮನೆಗಳು. 1902ರಲ್ಲಿ ಶಿವನಸಮುದ್ರದಿಂದ ತಂತಿ ಎಳೆದು ವಿದ್ಯುತ್ತನ್ನು ಮೊದಲು ತಂದದ್ದು ಈ ಗಣಿಗಳಿಗೆ. ಆಳದಲ್ಲಿ ಬಂಡೆ ಸಿಡಿದರೆ ಮೇಲೆ ಮನೆಯ ಪಾತ್ರೆಗಳು ಅಲುಗಾಡುತ್ತಿದ್ದುವು. ಅದಕ್ಕೆ ‘ಏರ್ ಬ್ಲಾಸ್ಟ್’ ಎನ್ನುತ್ತಿದ್ದರು. ತಾಯಂದಿರು ಅಲುಗಾಟ ನಿಂತ ಮೇಲೆ ಮಾತಿಲ್ಲದೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. 1956ರಲ್ಲಿ ಗಣಿ ಸರಕಾರದ ಕೈಗೆ ಬಂದಿತು. 2001ರ ಫೆಬ್ರವರಿ 28ರಂದು ಮುಚ್ಚಿತು. ಗಣಿಯ ಬಾಯಿಗಳ ಮೇಲಿನ ಕಬ್ಬಿಣದ ಗೋಪುರಗಳೂ, ಚಿನ್ನ ಹಿಂಡಿದ ಮೇಲೆ ಉಳಿದ ಮಣ್ಣಿನ ಸೈನೈಡ್ ಗುಡ್ಡಗಳೂ ಈಗಲೂ ನಿಂತಿವೆ. ಬೇಸಿಗೆಯ ಗಾಳಿಗೆ ಆ ಗುಡ್ಡಗಳ ಹುಡಿ ಎದ್ದು ಬಂದರೆ ಒಣಹಾಕಿದ ಬಟ್ಟೆ, ತೆರೆದಿಟ್ಟ ಪುಸ್ತಕ, ತಿನ್ನುವ ಅನ್ನ ಎಲ್ಲಕ್ಕೂ ಬೂದಿಬಣ್ಣ. 2018ರಲ್ಲಿ ನಮ್ಮೂರಿನ ಹೆಸರು ಹೊತ್ತ ಸಿನಿಮಾ ಬಂದ ಮೇಲೆ ಪರಸ್ಥಳದವರು ನನ್ನನ್ನು ಕಂಡರೆ ಕತ್ತಿ, ಸುತ್ತಿಗೆ, ಗಡ್ಡಗಳ ವಿಚಾರ ಕೇಳುತ್ತಾರೆ. ನಾನು ದಿನವೂ ಕ್ಷೌರ ಮಾಡಿಕೊಳ್ಳುವವನೆಂದು ತಿಳಿದು ನಿರಾಶರಾಗುತ್ತಾರೆ.

ಇರಲಿ. ಪುಸ್ತಕವನ್ನು ಮೊದಲು ನಾನು ನಗುತ್ತಲೇ ಓದಿದೆ. ಎರಡನೆಯ ಸಂಪುಟದಲ್ಲಿ ಅಧ್ಯಾಪಕರ ದೊಡ್ಡ ಹಿಂಡೇ ಬರುತ್ತದೆ. ಸೀಮೆಸುಣ್ಣದ ಹುಡಿಯಲ್ಲಿ ಕೂತು ತೂಕಡಿಸುವವರು, ತರಗತಿಯ ಗಂಟೆಗೆ ನಡುಗುವವರು. ನನ್ನ ಸಹೋದ್ಯೋಗಿಗಳ ಹೆಸರುಗಳನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತ ಹೋದೆ. ಒಂದು ಕಡೆ ನನ್ನ ಹೆಸರನ್ನೂ ಬರೆಯಬೇಕಾಗಿ ಬಂದು ಪೆನ್ಸಿಲನ್ನು ಜೇಬಿಗೆ ಹಾಕಿದೆ. ಆಮೇಲೆ ಫ್ಲೇ ಎಂಬ ಪಾತ್ರದ ಹತ್ತಿರ ಬಂದಾಗ ನಗು ನಿಂತುಹೋಯಿತು.

ಫ್ಲೇ ದೊರೆಯ ಆಪ್ತಸೇವಕ. ಕಡ್ಡಿಯಂತೆ ಉದ್ದ, ಮಾತು ತುಂಡುತುಂಡು. ಹೆಜ್ಜೆಯಿಟ್ಟರೆ ಮೊಣಕಾಲು ‘ಟಕ್’ ಎನ್ನುತ್ತದೆ. ಆ ಸದ್ದಿನಿಂದಲೇ ಅವನು ಬರುವುದು ಎಲ್ಲರಿಗೂ ತಿಳಿಯುತ್ತದೆ. ಒಂದು ದಿನ ಸ್ಟೀರ್‌ಪೈಕನ ಮೇಲಿನ ಸಿಟ್ಟಿಗೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ. ಸಿಕ್ಕಿದ್ದು ರಾಣಿಯ ಬಿಳಿಯ ಬೆಕ್ಕು. ಅಷ್ಟಕ್ಕೇ ಗಡೀಪಾರು. ಆದರೆ ಫ್ಲೇ ದೂರ ಹೋಗುವುದಿಲ್ಲ. ಕೋಟೆಯ ಹೊರಗಿನ ಕಾಡಿನ ಗವಿಯಲ್ಲಿ ವಾಸಮಾಡುತ್ತ, ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು, ಇರುಳಿನಲ್ಲಿ ಸದ್ದಿಲ್ಲದೆ ಮರಳಿ ಬಂದು ಆ ಕೋಟೆಯನ್ನು ಕಾಯುತ್ತಾನೆ. ಕಾಯೆಂದು ಯಾರೂ ಹೇಳಿಲ್ಲ. ಸಂಬಳವಂತೂ ಇಲ್ಲ.

ನನ್ನ ತಂದೆ ಗಣಿಯ ಲ್ಯಾಂಪ್ ರೂಮಿನಲ್ಲಿ ಕೆಲಸ ಮಾಡಿದವರು. ಕೆಳಗಿಳಿಯುವವನು ತನ್ನ ಟೋಕನ್ ಕೊಟ್ಟು ದೀಪ ಪಡೆಯಬೇಕು. ಮೇಲೆ ಬಂದು ದೀಪ ಕೊಟ್ಟು ಟೋಕನ್ ಪಡೆಯಬೇಕು. ಪಾಳಿ ಮುಗಿದ ಮೇಲೂ ಹಲಗೆಯ ಮೊಳೆಯಲ್ಲಿ ಒಂದು ಟೋಕನ್ ಉಳಿದಿದ್ದರೆ ಒಬ್ಬ ಮನುಷ್ಯ ಇನ್ನೂ ನೆಲದೊಳಗಿದ್ದಾನೆಂದು ಅರ್ಥ. ಆ ಹಲಗೆ ಖಾಲಿಯಾಗುವ ತನಕ ತಂದೆಯವರು ಮನೆಗೆ ಬಂದವರಲ್ಲ. ಗಣಿ ಮುಚ್ಚಿದಾಗ ನಾನಿನ್ನೂ ಶಾಲೆಯ ಹುಡುಗ. ಮಾರನೆಯ ಬೆಳಗ್ಗೆ ಅವರು ಎಂದಿನಂತೆ ಎದ್ದು, ಸ್ನಾನ ಮಾಡಿ, ಬೂಟು ಹಾಕಿಕೊಂಡು ಹೊರಟರು. ಈಗ ಅವರಿಗೆ ಎಪ್ಪತ್ತು ದಾಟಿದೆ. ಇಂದಿಗೂ ಬೆಳಗಿನ ಪಾಳಿಯ ಹೊತ್ತಿಗೆ ಸರಿಯಾಗಿ ಮುಚ್ಚಿದ ಆ ಗೇಟಿನವರೆಗೆ ನಡೆದು, ಸ್ವಲ್ಪ ನಿಂತು, ಹಿಂದಿರುಗುತ್ತಾರೆ. ಬಂದ ಮೇಲೆ ಗೋಡೆಯ ಗಡಿಯಾರಕ್ಕೆ ಕೀಲಿ ಕೊಡುತ್ತಾರೆ. ಬಾಲ್ಯದಲ್ಲಿ ಇದನ್ನು ಕಂಡು ಗೆಳೆಯರೆದುರು ನನಗೆ ನಾಚಿಕೆಯಾಗುತ್ತಿತ್ತು. ಅವರ ಮೊಣಕಾಲೂ ಸದ್ದು ಮಾಡುತ್ತದೆ.

ಗಾಡಿಯಲ್ಲಿ ಓದಿದ್ದನ್ನು ರಾತ್ರಿ ಊಟವಾದ ಮೇಲೆ ಅವರಿಗೆ ಹೇಳತೊಡಗಿದೆ. ಇಂಗ್ಲಿಷು ಅವರಿಗೆ ರಿಜಿಸ್ಟರು ತುಂಬುವಷ್ಟೇ ಗೊತ್ತು; ಪೀಕನ ಹೆಸರುಗಳು ಬಾಯಿಗೆ ಹತ್ತಲಿಲ್ಲ. ತಾವೇ ಹೆಸರಿಟ್ಟುಕೊಂಡರು: ಬೆಕ್ಕಿನ ರಾಣಿ, ಅಡುಗೆಮನೆ ಹುಡುಗ, ಮೊಣಕಾಲಪ್ಪ. ಇಷ್ಟು ದಿನ ವಿಮರ್ಶೆ ಓದಿ ನಾನು ಕಲಿಯದೆ ಇದ್ದುದು ಆ ಜಗಲಿಯ ಮೇಲೆ ತಿಳಿಯಿತು. ನಾನು ಮಾಂಸಪರ್ವತ ಬಾಣಸಿಗನನ್ನು ವರ್ಣಿಸಿದರೆ ಅವರು ನಗಲಿಲ್ಲ, “ಅಷ್ಟು ಜನಕ್ಕೆ ಅಡುಗೆ ಆಗಬೇಕಲ್ಲಪ್ಪ, ಕಿರುಚದೆ ಆಗುತ್ತಾ?” ಎಂದರು. ಗೋಡೆ ಉಜ್ಜುವವರಿಗೆ ಕಿವಿ ಕೇಳಿಸದೆಂದಾಗ, “ಡ್ರಿಲ್ಲಿಂಗಿನೋರು ಹಂಗೇ” ಎಂದು ಮೂರು ಮಂದಿಯ ಹೆಸರು ಹೇಳಿದರು. ನಮಗೆ ವಿಚಿತ್ರವೆಂದು ತೋರುವವರೆಲ್ಲ ಅವರಿಗೆ ಕೆಲಸಗಾರರಾಗಿ ಕಂಡರು. ಕೋಟೆಯೊಂದು ತನಗೆ ಬೇಕಾದಂತೆ ಜನರನ್ನು ಬಗ್ಗಿಸಿಕೊಂಡಿತು, ಬಗ್ಗಿದ ಮೇಲೆ ನೇರವಾಗುವುದು ಅವರಿಗೆ ಮರೆತುಹೋಯಿತು. ಪೀಕನ ವಿಚಿತ್ರ ವ್ಯಕ್ತಿಗಳ ಗುಟ್ಟು ಇಷ್ಟೇ ಎಂದು ನನಗೆ ಈಗ ತೋರುತ್ತದೆ. ಅದನ್ನು ಬರೆದವನು ಅವರನ್ನು ಪ್ರೀತಿಸಿಯೂ ಇದ್ದಾನೆ, ಇಲ್ಲದಿದ್ದರೆ ಮೊಣಕಾಲಿನ ಸದ್ದನ್ನು ಅಷ್ಟು ಸಲ ಕೇಳಿಸಿಕೊಳ್ಳುತ್ತಿರಲಿಲ್ಲ.

ಮೊಣಕಾಲಪ್ಪನ ಗಡೀಪಾರಿನ ರಾತ್ರಿ ತಂದೆಯವರು ಬಹಳ ಹೊತ್ತು ಸುಮ್ಮನಿದ್ದರು.

“ಬೆಕ್ಕನ್ನ ಎಸೆದಿದ್ದು ತಪ್ಪೇ,” ಎಂದರು ಕಡೆಗೆ. “ಆದರೆ ಕೆಲಸ ಬಿಡಲಿಲ್ಲ ನೋಡು.”

ಇದಿಷ್ಟೂ ಕೇವಲ ಸಾಹಿತ್ಯಚರ್ಚೆಯಾಗಿದ್ದರೆ ಎಷ್ಟು ಚೆನ್ನಾಗಿತ್ತು! ನಮ್ಮ ಮನೆಯಲ್ಲಿ ಈಗ ಒಂದು ವರ್ಷದಿಂದ ಇನ್ನೊಂದು ಚರ್ಚೆ ನಡೆದಿದೆ. ಮಗನನ್ನು ಬರುವ ಜೂನಿನಲ್ಲಿ ಶಾಲೆಗೆ ಸೇರಿಸಬೇಕು. ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಿಯಾಗಿದೆ, ಮುಂಗಡವನ್ನೂ ಕೊಟ್ಟಾಗಿದೆ. ಬೆಳಗಿನ ಜಾವ ಎದ್ದು ಬುತ್ತಿ ಕಟ್ಟಿ, ರಾತ್ರಿ ಒಂಬತ್ತಕ್ಕೆ ದಣಿದು ಬರುವ ಗಂಡನ ಮುಖವನ್ನು ನೋಡಿ ನೋಡಿ ನನ್ನ ಪತ್ನಿಗೆ ಸಾಕಾಗಿದೆ. ಅವಳ ಮಾತಿನಲ್ಲಿ ನ್ಯಾಯವುಂಟು. “ಮಾವನೂ ನಮ್ಮ ಜೊತೆ ಬರಲಿ, ಅವರ ಗಡಿಯಾರಾನೂ ತರಲಿ,” ಎನ್ನುತ್ತಾಳೆ. ತಂದೆಯವರು ಬೇಡವೆನ್ನುವುದಿಲ್ಲ. “ನೋಡೋಣ,” ಎನ್ನುತ್ತಾರೆ. ನಮ್ಮ ಸೀಮೆಯಲ್ಲಿ ‘ನೋಡೋಣ’ ಎಂಬುದರ ಅರ್ಥ ಎಲ್ಲರಿಗೂ ತಿಳಿದದ್ದೇ.

ಎರಡನೆಯ ಸಂಪುಟದ ಕೊನೆಯಲ್ಲಿ ಕೋಟೆಗೆ ಮಹಾಪ್ರವಾಹ ಬಂದು ಇಳಿದ ಮೇಲೆ, ಹದಿನೇಳರ ಟೈಟಸ್ ಕುದುರೆಯೇರಿ ಕೋಟೆಯನ್ನು ಬಿಟ್ಟು ಹೊರಡುತ್ತಾನೆ. ಆ ಹೊರಡುವಿಕೆಯ ಪುಟಗಳನ್ನು ಮಾಲೂರಿನಿಂದ ಬಂಗಾರಪೇಟೆಯವರೆಗೆ ನಿಂತುಕೊಂಡೇ ಓದಿದೆ. ತಾಯಿ ಅವನನ್ನು ತಡೆಯುವುದಿಲ್ಲ. ಲೋಕದಲ್ಲಿ ಬೇರೆ ಸ್ಥಳವೆಂಬುದೇ ಇಲ್ಲ, ಎಲ್ಲಿಗೆ ನಡೆದರೂ ಸುತ್ತಿ ಇಲ್ಲಿಗೇ ಬರುವೆಯೆಂಬ ಅರ್ಥದಲ್ಲಿ ಏನೋ ಹೇಳಿ ತನ್ನ ಬೆಕ್ಕುಗಳ ಕಡೆಗೆ ತಿರುಗುತ್ತಾಳೆ. ಅದು ಶಾಪವೋ ಆಶೀರ್ವಾದವೋ ನಾನು ಇನ್ನೂ ನಿರ್ಧರಿಸಲಾರದೆ ಇದ್ದೇನೆ.

ಆ ರಾತ್ರಿ ಕತೆಯನ್ನು ಅಲ್ಲಿಗೆ ತಂದು ನಿಲ್ಲಿಸಿದೆ. ತಂದೆಯವರು ಹುಡುಗನ ವಿಚಾರವನ್ನು ಕೇಳಲಿಲ್ಲ.

“ಹೋಗಲಿ ಬಿಡು, ಹುಡುಗರು ಹೋಗಲೇಬೇಕು,” ಎಂದರು. ಅನಂತರ, “ಮೊಣಕಾಲಪ್ಪ ಏನಾದ? ಅವನು ಒಳಗೇ ಇದ್ದನಲ್ಲ, ಲೆಕ್ಕಕ್ಕೆ ಬಂದನಾ?”

ಫ್ಲೇಗೆ ಏನಾಯಿತೆಂಬುದು ಪುಸ್ತಕದಲ್ಲಿದೆ. “ಅಲ್ಲಿಗೆ ಇನ್ನೂ ಬಂದಿಲ್ಲ ಅಪ್ಪ, ನಾಳೆ ಹೇಳುತ್ತೇನೆ,” ಎಂದು ದೀಪ ಆರಿಸಿದೆ. ಅದಾಗಿ ಹನ್ನೊಂದು ದಿನವಾಯಿತು. ಪ್ರತಿ ರಾತ್ರಿಯೂ ಕೇಳುತ್ತಾರೆ.